ಪೂರ್ವ ತಿಮೋರ್‌ಗೆ ಹೊರಟವರಿಗೆ ತಿಳಿದವರ ಮಾತು

ಕೇಳಿದ್ದು: ಆಗಸ್ಟ್‌ನಲ್ಲಿ ಇಬ್ಬರು ಬೆಂಗಳೂರಿಂದ ಬಾಲಿ ಮೂಲಕ ಪೂರ್ವ ತಿಮೋರ್‌ಗೆ ಹೊರಟಿದ್ದೇವೆ. 2002ರಲ್ಲಷ್ಟೇ ಸ್ವತಂತ್ರವಾದ, ಹಿಂಸಾಚಾರ ಕಂಡ ದೇಶ. ದುಡ್ಡು, ಓಡಾಟ, ಊಟ, ಸುರಕ್ಷತೆ ಹೇಗೆ? ಒಬ್ಬರು ಸಸ್ಯಾಹಾರಿ.

ಉತ್ತರ 1
ನಡೆಯೋದು ಅಮೆರಿಕನ್ ಡಾಲರ್, ಚಿಲ್ಲರೆಗೆ ಅವರದೇ ಸೆಂಟಾವೊ ನಾಣ್ಯ. ಹರಿದ, ಗೀಚಿದ, ತೀರಾ ಹಳೆಯ ನೋಟು ತಗೊಳ್ಳಲ್ಲ. 1, 5, 10ರ ನೋಟೇ ಹೆಚ್ಚಿರಲಿ, ಹಳ್ಳಿ ಅಂಗಡಿಯಲ್ಲಿ 50ಕ್ಕೆ ಚಿಲ್ಲರೆ ಹುಟ್ಟಲ್ಲ. ರಾಜಧಾನಿ ದಿಲಿಯ ವಿಮಾನ ನಿಲ್ದಾಣದಲ್ಲೇ 30 ದಿನದ ವೀಸಾ ಕೊಡ್ತಾರೆ, 30 ಡಾಲರ್ ನಗದು; ವಾಪಸ್ ಟಿಕೆಟ್ ಪ್ರಿಂಟ್ ಇಟ್ಕೊಳ್ಳಿ. ಬಾಲಿಯಲ್ಲಿ ಟಿಕೆಟ್ ಬೇರೆಬೇರೆ ಆದರೆ ಲಗೇಜ್ ತಗೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡ್ಬೇಕು. ಅಂದ್ರೆ ಹೋಗ್ತಾ ಬರ್ತಾ ಎರಡೂ ಸಲ ಇಂಡೋನೇಷ್ಯಾ ವೀಸಾ ಖರ್ಚು.

ಉತ್ತರ 2
ದಿಲಿಯೊಳಗೆ ಮಿಕ್ರೊಲೆಟ್ ಅನ್ನೋ ನಂಬರ್ ವ್ಯಾನ್ ಸಾಕು. ಇಳಿಯೋ ಜಾಗ ಬಂದಾಗ ನಾಣ್ಯದಿಂದ ಮೇಲಿನ ಕಬ್ಬಿಣದ ಸರಳಿಗೆ ಟಕಟಕ ಬಡಿದರೆ ನಿಲ್ಲಿಸ್ತಾರೆ.

ಊರಾಚೆ ಕಿಲೋಮೀಟರ್ ಲೆಕ್ಕ ಕೈಕೊಡುತ್ತೆ. ರಾಮೆಲಾವ್ ಬೆಟ್ಟ (2,963 ಮೀಟರ್) ಹತ್ತೋದಾದ್ರೆ ಮೌಬಿಸ್ಸೆ ಊರಿನ ಮೂಲಕ ಬೆಟ್ಟದ ಬುಡದ ಹಾತುಬುಯಿಲಿಕೊ ಸೇರೋಕೇ ಹಗಲು ಮುಗಿಯುತ್ತೆ. ಫೋರ್ ವೀಲ್ ಡ್ರೈವ್ ಗಾಡಿ, ಸ್ಥಳೀಯ ಚಾಲಕ. ಬೆಳಗಿನ ಜಾವ ಮೂರಕ್ಕೆ ಹೊರಟರೆ ಸೂರ್ಯೋದಯ ಸಿಗುತ್ತೆ. ಉಷ್ಣವಲಯ ಅಂತ ಟೀ ಶರ್ಟ್‌ನಲ್ಲಿ ಹೋದವರು ತುದಿಯಲ್ಲಿ ನಡುಗ್ತಾರೆ. ಸ್ವೆಟರ್, ಹೆಡ್‌ಲ್ಯಾಂಪ್ ಬೇಕು.

ಉತ್ತರ 3
ಸಸ್ಯಾಹಾರಿಗೆ ಅನ್ನ, ಸೊಪ್ಪು, ತೋಫು, ತೆಂಪೆ (ಹುದುಗಿಸಿದ ಸೋಯಾ ಗಟ್ಟಿ). ಬತಾರ್ ದಾನ್ ಕೇಳಿ: ಮೆಕ್ಕೆಜೋಳ, ಸಿಹಿಗುಂಬಳ, ಹೆಸರುಕಾಳು ಬೇಯಿಸಿದ್ದು. ‘ಮಾಂಸ ಬೇಡ’ ಅಂದರೆ ಮೀನು ಬರಬಹುದು, ಎರಡನ್ನೂ ಹೆಸರಿಸಿ ಹೇಳಿ. ಕಾಫಿಗೆ ಎರ್ಮೆರಾ ಕಡೆ ಹೋಗಿ. ಅರೇಬಿಕಾ-ರೊಬಸ್ಟಾ ತಾನಾಗಿ ಬೆರೆತ ತಿಮೋರ್ ತಳಿ ಎಲೆತುಕ್ಕು ರೋಗ ತಡೆಯುತ್ತೆ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಚಂದ್ರಗಿರಿ ತಳಿಯಲ್ಲೂ ಅದರ ರಕ್ತವಿದೆ.

ಉತ್ತರ 4
ಜನರಿಗಿಂತ ನೀರಿಗೆ ಹೆದರಿ. ನದಿ ಸಮುದ್ರ ಸೇರುವಲ್ಲಿ, ಮ್ಯಾಂಗ್ರೋವ್ ಹತ್ತಿರ ಉಪ್ಪುನೀರಿನ ಮೊಸಳೆ ಇರುತ್ತೆ. ಅಲ್ಲಿನವರು ಅದನ್ನು ಪೂರ್ವಜ ಅಂತ ನಂಬ್ತಾರೆ, ತಮಾಷೆ ಮಾಡಬೇಡಿ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಮಲೇರಿಯಾಮುಕ್ತ ಅಂದಿದೆ, ಆದರೆ ಡೆಂಗಿ ಇದೆ; ಹಗಲಲ್ಲೂ ಸೊಳ್ಳೆ ಮುಲಾಮು ಹಚ್ಚಿ. ವಿಮೆಯಲ್ಲಿ ವಿಮಾನದಲ್ಲಿ ಸಾಗಿಸುವ ವೆಚ್ಚ ಸೇರಿದೆಯಾ ನೋಡಿ, ಗಂಭೀರವಾದರೆ ಆಸ್ಟ್ರೇಲಿಯಾದ ಡಾರ್ವಿನ್‌ಗೋ ಮತ್ತೆಲ್ಲಿಗೋ ಒಯ್ಯಬೇಕಾಗುತ್ತೆ.

1999ರಲ್ಲಿ, ಇಂಡೋನೇಷ್ಯಾದಿಂದ ಬೇರೆಯಾಗಬೇಕೇ ಅನ್ನೋ ಜನಮತಗಣನೆ ಮತ್ತು ಹಿಂಸಾಚಾರದ ಹೊತ್ತಲ್ಲಿ, ಯಾರ ಕಡೆ ಇದ್ರಿ ಅಂತ ಯಾರನ್ನೂ ಕೇಳಬೇಡಿ. ಒಂದೇ ಮನೆಯಲ್ಲಿ ಎರಡೂ ಕಡೆಯವರಿರಬಹುದು. ದಿಲಿಯ ಬಾಲಿಡೆ ಬಡಾವಣೆಯ ಹಳೇ ಜೈಲಿನಲ್ಲಿ, ಇಂಡೋನೇಷ್ಯಾ ಆಳ್ವಿಕೆ ಕಾಲದ ದೌರ್ಜನ್ಯ ದಾಖಲಿಸಿದ ಸತ್ಯಶೋಧನಾ ಆಯೋಗದ ಕೆಲಸದ ಪ್ರದರ್ಶನವಿದೆ, ಮೊದಲು ಅದನ್ನು ನೋಡಿ. 1991ರಲ್ಲಿ ಇಂಡೋನೇಷ್ಯಾ ಸೈನಿಕರು ಜನರ ಮೇಲೆ ಗುಂಡು ಹಾರಿಸಿದ ದಿಲಿಯ ಸಾಂತಾ ಕ್ರೂಜ್ ಸ್ಮಶಾನ ಈಗಲೂ ಬಳಕೆಯಲ್ಲಿದೆ. ಗೋರಿಗಳ ಮುಂದೆ ಸೆಲ್ಫಿ ಬೇಡ.

ಕೇಳಿದವರು: ಡಿಸೆಂಬರ್‌ಗೆ ಮುಂದೂಡಿದರೆ?

ಉತ್ತರ 2
ಬೇಡ. ಮಳೆಗಾಲ, ಗುಡ್ಡ ಕುಸಿದು ಬೆಟ್ಟದ ದಾರಿ ಮುಚ್ಚುತ್ತೆ.