ಕಾಳು ಕಚ್ಚಿ ಕೆಳಗೆ ಬಿಡುವ ಬೆಳವ: ಚಳಿಗಾಲದ ತೋಟದ ಹಕ್ಕಿಗಳ ಬಗ್ಗೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಸಲದ ವಿಷಯ, ಚಳಿಗಾಲದಲ್ಲಿ ತೋಟಕ್ಕೆ ಬರುವ ಹಕ್ಕಿಗಳು ಏನು ತಿನ್ನುತ್ತವೆ ಅನ್ನೋದು. ಕಾಡುಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಮೇಡಂ ಉತ್ತರಿಸುತ್ತಾರೆ. ನೀವು ಕಣ್ಣಾರೆ ಕಂಡಿದ್ದನ್ನು ಬರೆಯಿರಿ. ಫಾರ್ವರ್ಡ್ ಬೇಡ.

ಕಿಟಕಿಪಕ್ಕ: ಮೇಡಂ, ಬ್ರೆಡ್ ಹಾಕಬಹುದಾ?

ಡಾಕ್ಟರ್: ರೂಢಿ ಮಾಡಬೇಡಿ. ಹೊಟ್ಟೆ ತುಂಬುತ್ತದೆ, ಆದರೆ ಮೈಗೆ ಹತ್ತುವುದು ಕಡಿಮೆ. ಚಳಿಯ ರಾತ್ರಿ ಪುಟ್ಟ ಹಕ್ಕಿ ಹಗಲು ಕೂಡಿಟ್ಟ ಕೊಬ್ಬು ಕರಗಿಸಿಕೊಂಡೇ ಬೆಳಗು ಕಾಣಬೇಕು. ಹಾಗಾಗಿ ಎಣ್ಣೆಯಂಶ ಇರುವ ಬೀಜ ಒಳ್ಳೆಯದು. ಸೂರ್ಯಕಾಂತಿ ಬೀಜ, ಉಪ್ಪು ಹಾಕದ ಕಡಲೆಕಾಯಿ ಬೀಜ ಕೊಡಿ. ಗುಬ್ಬಿಯಂಥವಕ್ಕೆ ನವಣೆ, ಸಜ್ಜೆ ಸಾಕು.

ನೆರಳುಗಿಡ: ನನ್ನ ತಟ್ಟೆಯಲ್ಲಿ ಸಜ್ಜೆ ಇದೆ, ಬೀಜ ಇದೆ. ಆದರೂ ಒಂದು ಪುಟಾಣಿ ಹಕ್ಕಿ ಅತ್ತ ತಿರುಗಿಯೂ ನೋಡುವುದಿಲ್ಲ. ಮರದ ತೊಗಟೆ ಬಿರುಕು ಬಿಟ್ಟ ಕಡೆ ಕೊಕ್ಕು ತೂರಿಸಿ ಏನೋ ಕೀಳುತ್ತದೆ. ಆಮೇಲೆ ಒಣಗಿ ಸುರುಳಿಯಾದ ಎಲೆಗಳನ್ನು ಒಂದೊಂದಾಗಿ ಇಣುಕಿ ನೋಡುತ್ತದೆ. ಕಾಯಿಲೆ ಏನಾದರೂ ಇರಬಹುದಾ?

ಡಾಕ್ಟರ್: ಕಾಯಿಲೆಯಲ್ಲ, ಅದು ಅದರ ಊಟ. ಇಷ್ಟು ಗಮನ ಕೊಟ್ಟು ನೋಡಿದ್ದಕ್ಕೆ ತುಂಬಾ ಖುಷಿಯಾಯಿತು. ಕೊಕ್ಕು ಸಪೂರ, ಸೂಜಿಯಂತೆ ಇದೆಯಾ ನೋಡಿ. ಹಾಗಿದ್ದರೆ ಅದು ಹುಳ ತಿನ್ನುವ ಹಕ್ಕಿ, ನಿಮ್ಮ ಕಾಳು ಅದಕ್ಕೆ ಬೇಡ. ಚಳಿಯಲ್ಲಿ ಹುಳುಗಳು ಹಾರಾಡುವುದು ಕಡಿಮೆಯಾದರೂ ಮಾಯವಾಗುವುದಿಲ್ಲ. ತೊಗಟೆಯ ಸಂದಿನಲ್ಲಿ ಜೇಡದ ಮೊಟ್ಟೆ, ಸುರುಳಿ ಎಲೆಯೊಳಗೆ ಪತಂಗದ ಗೂಡು, ಕೊಂಬೆಯ ಅಡಿಯಲ್ಲಿ ಸಸ್ಯಹೇನು ಇರುತ್ತವೆ. ನೀವು ಮಾಡಬೇಕಾದದ್ದು ಇಷ್ಟೇ: ಉದುರಿದ ಎಲೆ ಗುಡಿಸಿ ಸುಡಬೇಡಿ, ಕೀಟನಾಶಕ ಹೊಡೆಯಬೇಡಿ, ಒಣ ಹೂವಿನ ತಲೆಗಳನ್ನು ಕತ್ತರಿಸದೆ ಹಾಗೇ ಬಿಡಿ. ಗುಬ್ಬಿಯದು ದಪ್ಪ ಮೊಂಡು ಕೊಕ್ಕು, ಕಾಳನ್ನು ಬಾಯಲ್ಲೇ ಹೊರಳಿಸಿ ಸಿಪ್ಪೆ ಬಿಡಿಸುತ್ತದೆ. ಬೆಳವ, ಪಾರಿವಾಳ ಸಿಪ್ಪೆ ಬಿಡಿಸುವುದಿಲ್ಲ, ಇಡಿಯಾಗಿ ನುಂಗುತ್ತವೆ. ಈ ವ್ಯತ್ಯಾಸ ತಿಳಿದಿದ್ದರೆ ಯಾವ ಹಕ್ಕಿ ಸರಿಯಾಗಿ ತಿನ್ನುತ್ತಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಹೂಬಳ್ಳಿ: ಹೂವಿನ ರಸ ಕುಡಿಯುವ ಹಕ್ಕಿಗೆ ಸಕ್ಕರೆ ನೀರು ಇಡಬಹುದಾ ಮೇಡಂ?

ಕಿಟಕಿಪಕ್ಕ: ಹಾಲಿನಲ್ಲಿ ನೆನೆಸಿದ ಬ್ರೆಡ್ ಆದರೆ?

ಡಾಕ್ಟರ್: ಬೇಡ. ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸನ್ನು, ಹಕ್ಕಿಗಳು ಅರಗಿಸಿಕೊಳ್ಳಲಾರವು. ಭೇದಿಯಾಗುತ್ತದೆ.

ಹಿತ್ತಲಬಾಗಿಲು: ನನ್ನದು ಸ್ವಲ್ಪ ಅರ್ಜೆಂಟ್ ಡಾಕ್ಟ್ರೇ. ತಟ್ಟೆಗೆ ಬರುವ ಬೆಳವಗಳಲ್ಲಿ ಒಂದು ಮೈಯೆಲ್ಲ ಉಬ್ಬಿಸಿಕೊಂಡು ಕೂತೇ ಇರುತ್ತದೆ. ಕಾಳು ಕಚ್ಚುತ್ತದೆ, ಕತ್ತು ಚಾಚುತ್ತದೆ, ನುಂಗಲು ಆಗದೆ ಬಿಟ್ಟುಬಿಡುತ್ತದೆ. ಕೊಕ್ಕಿನ ಸುತ್ತ ಒದ್ದೆ. ಅದು ಬಿಟ್ಟ ಕಾಳು ಅಂಟಂಟಾಗಿತ್ತು. ಇವತ್ತು ಇನ್ನೊಂದು ಬೆಳವವೂ ಹಾಗೇ ಮಾಡಿತು.

ಡಾಕ್ಟರ್: ಇದನ್ನು ಎಲ್ಲರೂ ಓದಿ. ಹಕ್ಕಿಯನ್ನು ಪರೀಕ್ಷಿಸದೆ ಇದೇ ಕಾಯಿಲೆ ಅಂತ ಹೇಳಲು ಬರುವುದಿಲ್ಲ. ಆದರೆ ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಮೊದಲ ಅನುಮಾನ ಟ್ರೈಕೊಮೊನಾಸ್ ಗ್ಯಾಲಿನೇ ಮೇಲೆ. ಅದೊಂದು ಏಕಕೋಶ ಜೀವಿ, ಹಕ್ಕಿಯ ಗಂಟಲಲ್ಲಿ ಬೆಳೆಯುತ್ತದೆ. ಒಳಗೆ ಗಿಣ್ಣಿನಂತೆ ಹಳದಿ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಹಕ್ಕಿಗೆ ಹಸಿವಿರುತ್ತದೆ, ಎದುರಿಗೆ ಕಾಳೂ ಇರುತ್ತದೆ, ನುಂಗಲು ಆಗುವುದಿಲ್ಲ. ಎಷ್ಟೋ ಹಕ್ಕಿಗಳು ಕೊನೆಗೆ ಉಪವಾಸದಿಂದಲೇ ಸಾಯುತ್ತವೆ.

ಪಾರಿವಾಳ, ಬೆಳವಗಳಲ್ಲಿ ಇದು ಹಳೆಯ ಕಾಯಿಲೆ. ಅವು ಮರಿಗೆ ಗಂಟಲಿಂದಲೇ ಉಣಿಸುವುದರಿಂದ ಮರಿಗಳಿಗೂ ದಾಟುತ್ತದೆ. ಅವನ್ನು ಹಿಡಿದು ತಿನ್ನುವ ಗಿಡುಗಗಳಿಗೂ ಬರುತ್ತದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಇದು ಗ್ರೀನ್‌ಫಿಂಚ್ ಅನ್ನೋ ತೋಟದ ಹಕ್ಕಿಗೆ ದಾಟಿತು. ಆಮೇಲೆ ಅಲ್ಲಿ ಅವುಗಳ ಸಂಖ್ಯೆ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಹರಡುವುದು ಎಂಜಲಿನಿಂದ. ನಿಮ್ಮ ಬೆಳವ ಬಿಟ್ಟ ಆ ಅಂಟು ಕಾಳನ್ನು ಮುಂದಿನ ಹಕ್ಕಿ ತಿನ್ನುತ್ತದೆ, ಅದೇ ಬೋಗುಣಿಯಲ್ಲಿ ನೀರು ಕುಡಿಯುತ್ತದೆ.

ಹಾಗಾಗಿ ಇವತ್ತೇ ತಟ್ಟೆ ಒಳಗಿಡಿ, ನೀರನ್ನೂ ತೆಗೆಯಿರಿ. ಕನಿಷ್ಠ ಎರಡು ವಾರ ಏನೂ ಇಡಬೇಡಿ. ಹಕ್ಕಿಗಳು ಚದುರಬೇಕು, ಅದೇ ಉದ್ದೇಶ. ಕೆಳಗೆ ಬಿದ್ದ ಕಾಳು ಗುಡಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ. ಗ್ಲೌಸ್ ಹಾಕಿಕೊಂಡು ತಟ್ಟೆ ಉಜ್ಜಿ ತೊಳೆಯಿರಿ, ಅಡುಗೆಮನೆ ಸಿಂಕಿನಲ್ಲಿ ಬೇಡ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ. ಒಣಗುವುದೇ ಮುಖ್ಯ. ಒದ್ದೆಯಲ್ಲಿ ಬದುಕುವ ಜೀವಿ ಅದು, ಒಣಗಿದರೆ ಸಾಯುತ್ತದೆ. ಮನುಷ್ಯರಿಗೆ ಇದು ಬರುವುದಿಲ್ಲ, ಆದರೆ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೇ ಗ್ಲೌಸ್. ಕೂತ ಹಕ್ಕಿ ಕೈಗೆ ಸಿಕ್ಕರೆ ಗಾಳಿಯಾಡುವ ಡಬ್ಬದಲ್ಲಿಟ್ಟು ಹಕ್ಕಿ ವೈದ್ಯರ ಹತ್ತಿರ ಒಯ್ಯಿರಿ. ನೀವಾಗಿ ಬಾಯಿ ತೆರೆಯಬೇಡಿ, ನೀರು ಸುರಿಯಬೇಡಿ.

ಸುಪ್ರಭಾತ: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದಿತ್ತು: ಬೆಳ್ಳುಳ್ಳಿ ರಸ, ಅರಿಶಿನ ನೀರಿಗೆ ಹಾಕಿಟ್ಟರೆ ಗಂಟಲ ಕಾಯಿಲೆ ಮೂರೇ ದಿನದಲ್ಲಿ ಮಾಯ. ಎಲ್ಲರಿಗೂ ಉಪಯೋಗವಾಗಲಿ 🙏

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಇದರಿಂದ ಆ ಗಡ್ಡೆ ಕರಗುವುದಿಲ್ಲ. ಬೋಗುಣಿ ಮಾತ್ರ ಅಲ್ಲೇ ಉಳಿಯುತ್ತದೆ, ಆರೋಗ್ಯವಾಗಿರುವ ಹಕ್ಕಿಗಳೂ ಅದರಲ್ಲೇ ಕುಡಿಯುತ್ತವೆ.

ಕೈತೋಟ: ಸಾಕಿದ ಪಾರಿವಾಳಕ್ಕೆ ಮಾತ್ರೆ ಇದೆ ಅಲ್ವಾ? ಅದನ್ನೇ ನೀರಿಗೆ ಹಾಕಿದರೆ?

ಡಾಕ್ಟರ್: ಔಷಧ ಇರುವುದು ನಿಜ. ಅದನ್ನು ಒಂದು ಹಕ್ಕಿಯ ತೂಕ ನೋಡಿ ಕೊಡುತ್ತೇವೆ. ಬಯಲಿನಲ್ಲಿಟ್ಟರೆ ಯಾರು ಎಷ್ಟು ಕುಡಿದರು ಅಂತ ಗೊತ್ತಾಗುವುದಿಲ್ಲ. ಗಂಟಲು ಕಟ್ಟಿದ ಹಕ್ಕಿ ಕುಡಿಯುವುದೇ ಕಡಿಮೆ. ಅರೆಬರೆ ಔಷಧ ಕುಡಿದ ಹಕ್ಕಿಗಳಲ್ಲಿ ಆ ಜೀವಿ ಔಷಧಕ್ಕೆ ಜಗ್ಗದಂತಾಗುತ್ತದೆ. ಹಾಕಬೇಡಿ.

ಸುಪ್ರಭಾತ: ಮನೆಮದ್ದು ಅಂದ ತಕ್ಷಣ ಬೈಯುವುದು ಯಾಕೆ? ಹಸಿ ಅಕ್ಕಿ ತಿಂದರೆ ಹೊಟ್ಟೆಯಲ್ಲಿ ಉಬ್ಬಿ ಸಾಯುತ್ತವೆ ಅಂತಲೂ ಓದಿದ್ದೇನೆ, ಅದೂ ಸುಳ್ಳಾ?

ನೆರಳುಗಿಡ: ಸುಳ್ಳೇ. ಭತ್ತದ ಗದ್ದೆಗೆ ಇಳಿಯುವ ಹಕ್ಕಿಗಳು ತಿನ್ನುವುದು ಹಸಿ ಅಕ್ಕಿಯನ್ನೇ ಅಲ್ವಾ?

ಕೈತೋಟ: ಗದ್ದೆಯ ಭತ್ತ ಬೇರೆ, ಪಾಲಿಶ್ ಮಾಡಿದ ಅಕ್ಕಿ ಬೇರೆ. ಗೊತ್ತಿಲ್ಲದೆ ಮಾತಾಡಬೇಡಿ.

ನೆರಳುಗಿಡ: ಪಾಲಿಶ್ ಮಾಡಿದರೆ ಸತ್ವ ಕಡಿಮೆಯಾಗಬಹುದು, ಹೊಟ್ಟೆ ಒಡೆಯುತ್ತದಾ? ಒಂದು ಹಕ್ಕಿ ಹಾಗೆ ಸತ್ತಿದ್ದು ನೋಡಿದ್ದೀರಾ?

ಡಾಕ್ಟರ್: ಅಕ್ಕಿ ಉಬ್ಬಿ ಹಕ್ಕಿ ಸಾಯುವುದಿಲ್ಲ. ಅದು ಉಬ್ಬುವ ಮೊದಲೇ ಹೊಟ್ಟೆಯ ಗಟ್ಟಿ ಸ್ನಾಯುಚೀಲ ಅರೆದುಬಿಡುತ್ತದೆ. ಮುಂದಿನ ಪ್ರಶ್ನೆ.

ಮಳೆಬಿಲ್ಲು: ಸ್ವಲ್ಪ ಬೂಸ್ಟು ಬಂದ ಕಡಲೆಕಾಯಿ ಬೀಜ ತೊಳೆದು ಹಾಕಬಹುದಾ? ಎಸೆಯಲು ಮನಸ್ಸಿಲ್ಲ.

ಡಾಕ್ಟರ್: ಎಸೆಯಿರಿ. ಬೂಸ್ಟು ತೊಳೆದರೂ ಅದು ಬಿಟ್ಟ ವಿಷ ಬೀಜದಲ್ಲೇ ಇರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷದಷ್ಟು ಟರ್ಕಿ ಕೋಳಿಮರಿಗಳು ಸತ್ತವು, ಕಾರಣ ಮೇವಿಗೆ ಬೆರೆಸಿದ, ಬೂಸ್ಟು ಬಂದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾಗಿದ್ದೇ ಆ ಸಾವುಗಳಿಂದ. ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ.

ಸುಪ್ರಭಾತ: ಹಾಲು ಬೇಡ ಅಂದಿರಿ. ಇಂಗ್ಲೆಂಡಿನಲ್ಲಿ ಹಕ್ಕಿಗಳು ಬಾಗಿಲ ಮುಂದಿನ ಹಾಲಿನ ಬಾಟಲಿ ತೆರೆದು ಕುಡಿಯುತ್ತಿದ್ದವಲ್ಲ?

ಡಾಕ್ಟರ್: ಟಿಟ್ ಹಕ್ಕಿಗಳು. 1921ರಲ್ಲೇ ದಾಖಲಾಗಿದೆ. ಮುಚ್ಚಳ ಹರಿದು ತಿನ್ನುತ್ತಿದ್ದದ್ದು ಮೇಲೆ ತೇಲುವ ಕೆನೆಯನ್ನು, ಅದು ಹೆಚ್ಚಾಗಿ ಕೊಬ್ಬು. ನನ್ನ ಉತ್ತರ ಬದಲಾಗುವುದಿಲ್ಲ.

ಕೈತೋಟ: ನಾನು ಹೇಳೋದು, ಕಾಳು ಇಡುವುದೇ ತಪ್ಪು. ಹಕ್ಕಿ ಸೋಮಾರಿ ಆಗುತ್ತವೆ. ಈ ಕಾಯಿಲೆಯೂ ತಟ್ಟೆಯಿಂದಲೇ ಬಂತು.

ಮಳೆಬಿಲ್ಲು: ಚಳಿಯಲ್ಲಿ ಸಾಯಲಿ ಅಂತೀರಾ?

ಕೈತೋಟ: ಹಾಗೆ ಹೇಳಿದೆನಾ? ಓದಿ ಉತ್ತರ ಕೊಡಿ.

ಡಾಕ್ಟರ್: ಸೋಮಾರಿ ಆಗುವುದಿಲ್ಲ. ಹಕ್ಕಿಗಳು ದಿನಕ್ಕೆ ಹತ್ತಾರು ಕಡೆ ತಿನ್ನುತ್ತವೆ, ನಿಮ್ಮ ತಟ್ಟೆ ಅದರಲ್ಲಿ ಒಂದು. ಆದರೆ ತೋಟದ ಕಾಳು ಅವುಗಳ ಬದುಕು ಬದಲಿಸುವುದು ನಿಜ. ಮಧ್ಯ ಯುರೋಪಿನ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳಲ್ಲಿ ಕೆಲವು ಈಗ ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗದೆ ಬ್ರಿಟನ್ನಿಗೆ ಬರುತ್ತವೆ, ಅಲ್ಲಿನ ತೋಟಗಳಲ್ಲಿ ಊಟ ಸಿಗುವುದು ಅದಕ್ಕೆ ಒಂದು ದೊಡ್ಡ ಕಾರಣ. ತಟ್ಟೆ ಇಡುವವರು ತೊಳೆಯುವ ಜವಾಬ್ದಾರಿಯನ್ನೂ ಹೊರಬೇಕು. ಆಗದಿದ್ದರೆ ಇಡಬೇಡಿ.

ಹೂಬಳ್ಳಿ: ಸಕ್ಕರೆ ನೀರು ಕೇಳಿದ್ದೆ, ಯಾರೂ ಹೇಳಲಿಲ್ಲ.

ಹೊಸಬೆಳಗು: ಮೇಡಂ, ಬ್ರೆಡ್ ಹಾಕಬಹುದಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಹಿತ್ತಲಬಾಗಿಲು: ತಟ್ಟೆ ತೆಗೆದೆ ಡಾಕ್ಟ್ರೇ, ತೊಳೆದೆ. ಆದರೆ ಉಳಿದ ಹಕ್ಕಿಗಳು ಗೋಡೆ ಮೇಲೆ ಬಂದು ಕೂತು ಕಾಯುತ್ತವೆ, ನೋಡಲು ಆಗುತ್ತಿಲ್ಲ. ಸ್ವಲ್ಪವೇ ಸ್ವಲ್ಪ ನೆಲಕ್ಕೆ ಎರಚಿದೆ.

ಡಾಕ್ಟರ್: ಅದನ್ನೂ ಗುಡಿಸಿ, ಈಗಲೇ. ಎರಡು ವಾರ ಅಂದರೆ ಎರಡು ವಾರ. ಸಂಕಟ ಅರ್ಥವಾಗುತ್ತದೆ, ಆದರೆ ಎಂಜಲು ಬೀಳುವ ಜಾಗಕ್ಕೆ ಅವನ್ನು ನೀವೇ ಮತ್ತೆ ಕರೆದಂತಾಗುತ್ತದೆ.

ಸುಪ್ರಭಾತ: ಡಾಕ್ಟರ್ ಮಾತು ಸ್ವಲ್ಪ ಒರಟಾಯಿತು. ನಾನು ಗುಂಪು ಬಿಡುತ್ತಿದ್ದೇನೆ.

ನೆರಳುಗಿಡ: ಫಾರ್ವರ್ಡ್ ಅಳಿಸಿ ಹೋಗಿ.

ಅಡ್ಮಿನ್: ಸಾಕು, ಇಬ್ಬರೂ. ಆ ಮೆಸೇಜ್ ನಾನೇ ಅಳಿಸಿದ್ದೇನೆ.

ಹಿತ್ತಲಬಾಗಿಲು: ಗುಡಿಸಿದೆ. ಪಕ್ಕದ ಮನೆಯಲ್ಲೂ ತಟ್ಟೆ ಇದೆ, ಅದೇ ಬೆಳವಗಳು ಅಲ್ಲಿಗೂ ಹೋಗುತ್ತವೆ. ಏನು ಮಾಡಲಿ?

ಡಾಕ್ಟರ್: ಇವತ್ತೇ ಹೋಗಿ ಹೇಳಿ. ನಾನು ಬರೆದದ್ದನ್ನು ತೋರಿಸಿ. ಅವರೂ ತೆಗೆಯದಿದ್ದರೆ ನೀವು ತೆಗೆದದ್ದಕ್ಕೆ ಅರ್ಧ ಫಲ ಮಾತ್ರ. ಕೂತಲ್ಲೇ ಕೂತಿರುವ ಬೆಳವ ಇನ್ನೂ ಇದ್ದರೆ ಕತ್ತಲಾಗುವ ಮೊದಲು ಡಬ್ಬಕ್ಕೆ ಹಾಕಿ ಒಯ್ಯಿರಿ, ಫೋಟೋ ಕಳಿಸಲು ಕಾಯಬೇಡಿ.