ಭತ್ತದ ತೆನೆ ಬೆಳ್ಳಗಾಗಿ ಜೊಳ್ಳಾಗುತ್ತಿದೆ: ಈಗ ಔಷಧಿ ಹೊಡೆಯಬೇಕೇ?

ಪ್ರಶ್ನೆ (ಅಂಕೋಲಾ):
ಜುಲೈಯಲ್ಲಿ ನಾಟಿ ಮಾಡಿದ ನಮ್ಮ ಜಯಾ ತಳಿಯ ಭತ್ತ ಈಗ ತೆನೆ ಹೊರಟಿದೆ. ಆದರೆ ಅಲ್ಲಲ್ಲಿ ಕೆಲವು ತೆನೆಗಳು ಪೂರ್ತಿ ಬೆಳ್ಳಗಾಗಿ, ಹಾಲು ಕಟ್ಟದೆ ನೆಟ್ಟಗೆ ನಿಂತಿವೆ. ಅದೇ ಬುಡದಿಂದ ಒಡೆದ ಉಳಿದ ತೆಂಡೆಗಳು (ಕವಲುಗಳು) ಹಸಿರಾಗಿವೆ. ನೆರೆಯವರು ಬೆಂಕಿ ರೋಗ ಎನ್ನುತ್ತಾರೆ, ಅಂಗಡಿಯವರು ಹುಳದ ಔಷಧಿ ಕೊಟ್ಟಿದ್ದಾರೆ. ಸಿಂಪಡಿಸಲೇ?

ಉತ್ತರ (ಶಿರಸಿ):
ಮೊದಲು ಒಂದು ಬಿಳಿ ತೆನೆಯನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತುಬಂದು, ಕಾಂಡವನ್ನು ಸೀಳಿದಾಗ ಒಳಗೆ ಹಿಕ್ಕೆಯೋ ನಸುಹಳದಿ ಹುಳವೋ ಕಂಡರೆ ಅದು ಹಳದಿ ಕಾಂಡ ಕೊರಕ, ಅಂದರೆ ಸ್ಕಿರ್ಪೊಫಾಗ ಇನ್ಸರ್ಟುಲಾಸ್ ಎಂಬ ಪತಂಗದ ಮರಿ. ಕುತ್ತಿಗೆಯ ಬೆಂಕಿ ರೋಗವಾದರೆ ತೆನೆಯ ಕುತ್ತಿಗೆ ಕಂದುಗಪ್ಪಾಗಿ ಅಲ್ಲಿಯೇ ಮುರಿದು ಬಾಗುತ್ತದೆ.

ಹೆಣ್ಣು ಪತಂಗದ ಹಳದಿ ಮುಂರೆಕ್ಕೆಗಳಲ್ಲಿ ಒಂದೊಂದು ಕಪ್ಪು ಚುಕ್ಕೆ ಇರುತ್ತದೆ. ಅದು ಎಲೆಯ ತುದಿಯ ಬಳಿ ಗುಂಪಾಗಿ ಮೊಟ್ಟೆಯಿಟ್ಟು ಕಂದು ರೋಮದಿಂದ ಮುಚ್ಚುತ್ತದೆ. ಸುಮಾರು ಒಂದು ವಾರದಲ್ಲಿ ಮರಿಗಳು ಹೊರಬಂದು ಕಾಂಡ ಕೊರೆಯುತ್ತವೆ. ತೆಂಡೆಯೊಡೆಯುವ ಹಂತದಲ್ಲಾದರೆ ಸುಳಿ ಒಣಗುತ್ತದೆ, ಆಗ ಗಿಡ ಹೊಸ ತೆಂಡೆ ಒಡೆದು ನಷ್ಟವನ್ನು ಒಂದಿಷ್ಟು ತುಂಬಿಕೊಳ್ಳಬಲ್ಲದು. ತೆನೆ ಹೊರಡುವಾಗಿನ ಪೆಟ್ಟಿಗೆ ಅಂಥ ಪರಿಹಾರವಿಲ್ಲ. ಬೆಳ್ಳಗಾದ ತೆನೆ ಯಾವ ಔಷಧಿಯಿಂದಲೂ ಕಾಳು ಕಟ್ಟುವುದಿಲ್ಲ, ಹುಳವನ್ನು ತಿನ್ನುವ ಜೇಡಗಳು ಮಾತ್ರ ಸಾಯುತ್ತವೆ. ದಯವಿಟ್ಟು ಆ ಖರ್ಚು ಮಾಡಬೇಡಿ.

ಉತ್ತರ (ಕುಮಟಾ):
ಮೇಲಿನ ಮಾತು ಸರಿ. ನಮ್ಮ ಕರಾವಳಿಯಲ್ಲಿ ಕೊಯ್ಲಾದ ಮೇಲೆ ಕೂಳೆಯನ್ನು (ಉಳಿದ ಬುಡದ ಕಾಂಡವನ್ನು) ಹಾಗೆಯೇ ಬಿಡುವ ರೂಢಿಯೇ ಈ ಹುಳಕ್ಕೆ ದೊಡ್ಡ ಆಸರೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಮರಿಗಳು ಕೂಳೆಯ ಬುಡದಲ್ಲಿಯೇ ಉಳಿದು ಮುಂದಿನ ಬೆಳೆಗೆ ಕಾಯುತ್ತವೆ. ನೆಲಕ್ಕೆ ಹತ್ತಿಸಿ ಕೊಯ್ದು, ಕೂಡಲೇ ಉಳುಮೆ ಮಾಡಿ. ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಿ. ಮುಂದಿನ ಮುಂಗಾರಿನಲ್ಲಿ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಲಿಂಗಾಕರ್ಷಕ ಬಲೆಯನ್ನು ಕಟ್ಟಿ, ಪತಂಗಗಳು ಬೀಳತೊಡಗಿದಾಗ ಟ್ರೈಕೋಗ್ರಾಮಾ ಜಪಾನಿಕಮ್ ಎಂಬ ಪರತಂತ್ರ ಕಣಜದ ಕಾರ್ಡುಗಳನ್ನು (ಕಣಜ ಹೊರಬರುವ ಮೊಟ್ಟೆಗಳನ್ನು ಅಂಟಿಸಿದ ರಟ್ಟುಗಳನ್ನು) ಗದ್ದೆಯಲ್ಲಿ ಇಡಿ. ಆ ಕಣಜ ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುತ್ತದೆ. ಕಾರ್ಡು ಇಟ್ಟ ದಿನಗಳಲ್ಲಿ ಕೀಟನಾಶಕ ಬೇಡ. ನಾಟಿಗೆ ಮೊದಲು ಸಸಿಯ ತುದಿಗಳನ್ನು ಕತ್ತರಿಸಿದರೆ ಮೊಟ್ಟೆಯ ಗುಂಪುಗಳೂ ಹೋಗುತ್ತವೆ.

ಪ್ರಶ್ನೆ ಕೇಳಿದವರು:
ಎಳೆದು ನೋಡಿದೆ, ತೆನೆ ಸಲೀಸಾಗಿ ಬಂತು, ಒಳಗೆ ಹುಳವೂ ಇತ್ತು. ಔಷಧಿಯ ಡಬ್ಬಿಯನ್ನು ಒಡೆದಿಲ್ಲ, ಹಿಂದಿರುಗಿಸುತ್ತೇನೆ. ತುದಿ ಕತ್ತರಿಸಿದರೆ ಸಸಿಗೆ ತೊಂದರೆಯಾಗದೇ?

ಉತ್ತರ (ಕುಮಟಾ):
ತುದಿಯನ್ನಷ್ಟೇ ತೆಗೆದರೆ ಸಸಿ ಚೇತರಿಸಿಕೊಳ್ಳುತ್ತದೆ. ಆದರೆ ನಿಮ್ಮ ಗದ್ದೆಯಲ್ಲಿ ದುಂಡಾಣು ಎಲೆ ಅಂಗಮಾರಿ (ಬ್ಯಾಕ್ಟೀರಿಯಾದಿಂದ ಎಲೆ ಒಣಗುವ ರೋಗ) ಬರುತ್ತಿದ್ದರೆ ಕತ್ತರಿಸಬೇಡಿ. ಆ ಗಾಯದ ಮೂಲಕವೇ ರೋಗ ಒಳಸೇರುತ್ತದೆ. ಅಂಥಲ್ಲಿ ಮೊಟ್ಟೆಯಿರುವ ಎಲೆಗಳನ್ನು ಸಸಿಮಡಿಯಲ್ಲಿಯೇ ಹುಡುಕಿ, ಕಿತ್ತು ನಾಶಮಾಡಿ.