ಹಬ್ಬಕ್ಕೆ ಮನೆ ಬೀಗ ಹಾಕಿ ಹೊರಡುವವರ ಪ್ರಶ್ನೆಗಳು

ಅಡ್ಮಿನ್: ದೀಪಾವಳಿಗೆ ನಮ್ಮ ದಾವಣಗೆರೆ ಅರ್ಧ ಖಾಲಿಯಾಗುತ್ತದೆ. ಗುಂಪಿನಲ್ಲಿರುವ ಎಎಸ್‌ಐ ಸರ್ ಬಹಳ ವರ್ಷ ಕ್ರೈಂ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಗಳವಿನ ಬಗ್ಗೆ ಕೇಳೋದಿದ್ದರೆ ಕೇಳಿ. ಫಾರ್ವರ್ಡ್ ಬೇಡ.

ನಿಟುವಳ್ಳಿ, ಕಿರಾಣಿ ಅಂಗಡಿ: ಸರ್, ಯಾವ ಬೀಗ ಒಳ್ಳೆಯದು?

ನಿವೃತ್ತ ಎಎಸ್‌ಐ: ನಮಸ್ಕಾರ. ಬೀಗಕ್ಕಿಂತ ಮೊದಲು ಕೊಂಡಿ ನೋಡಿ. ಸಲಾಕೆ ಸಿಕ್ಕಿಸಿ ಒಂದು ಸಲ ಮೀಟಿದರೆ ಅರ್ಧ ಇಂಚಿನ ಸ್ಕ್ರೂ ಮರದ ಸಮೇತ ಕಿತ್ತು ಬರುತ್ತದೆ. ದುಬಾರಿ ಬೀಗ ಹಾಕಿದ ಹಾಗೇ ಕೊಂಡಿಯಲ್ಲಿ ನೇತಾಡುತ್ತಿರುತ್ತದೆ. ನಾನು ಹೋಗಿ ನೋಡಿದ ಮನೆಗಳಲ್ಲಿ ಜಾಸ್ತಿ ಇದೇ ಕಥೆ. ಬಡಗಿಯನ್ನು ಕರೆಸಿ, ಬಾಗಿಲನ್ನು ತೂರಿ ಹೋಗುವ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ. ಹೊರಗೆ ಬೀಗ ಕಾಣದ ಲಾಕ್ ಆದರೆ ಇನ್ನೂ ಒಳ್ಳೆಯದು. ಮಾಳಿಗೆ ಬಾಗಿಲು, ಹಿತ್ತಲ ಬಾಗಿಲು ಮರೀಬೇಡಿ. ಮುಂದಿನ ಬಾಗಿಲಿಗೆ ಸಾವಿರಾರು ಖರ್ಚು ಮಾಡಿ, ಮಾಳಿಗೆ ಬಾಗಿಲಿಗೆ ಬರೀ ಚಿಲಕ ಹಾಕಿ ಹೋಗಿರುತ್ತಾರೆ.

ಸರಸ್ವತಿ ನಗರ: ಲೈಟ್ ಹಾಕಿಟ್ಟು ಹೋಗಬಹುದಾ ಸರ್?

ನಿವೃತ್ತ ಎಎಸ್‌ಐ: ಮಧ್ಯಾಹ್ನ 12ಕ್ಕೂ ವರಾಂಡದ ಲೈಟ್ ಉರಿಯುತ್ತಿದ್ದರೆ ಮನೇಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ. ಟೈಮರ್ ಹಾಕಿಸಿ. ಹಾಲು, ಪೇಪರ್ ನಿಲ್ಲಿಸಿ. ಹಬ್ಬದ ದಿನ ಎಲ್ಲರ ಬಾಗಿಲಲ್ಲೂ ರಂಗೋಲಿ ಇದ್ದು ನಿಮ್ಮದು ಮಾತ್ರ ಖಾಲಿ ಇದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ಪಕ್ಕದ ಮನೆಯವರಿಗೆ ಹೇಳಿ, ಎರಡು ಎಳೆ ಹಾಕುತ್ತಾರೆ.

ವಿನೋಬನಗರ: ಡಿಜಿಟಲ್ ಲಾಕ್ ಹೇಗೆ ಸರ್? ಬ್ಯಾಟರಿ ಮುಗಿದರೆ?

ವಿದ್ಯಾನಗರ, ಟೀಚರ್: ಸರ್, ಶುಕ್ರವಾರ ಮಕ್ಕಳ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದೇವೆ. ನಿನ್ನೆ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅಡುಗೆಮನೆ ಕಿಟಕಿ ನೋಡಿದೆ. ಗ್ರಿಲ್ಲಿನ ನಾಲ್ಕು ಸ್ಕ್ರೂನಲ್ಲಿ ಎರಡು ಸಡಿಲ, ಒಂದು ಇಲ್ಲವೇ ಇಲ್ಲ. ಸುತ್ತ ಹಸಿರು ಪೇಂಟ್ ಎದ್ದಿದೆ. ಹಳೇ ಕಿಟಕಿ, ತಾನಾಗೇ ಸಡಿಲ ಆಗಿರಬಹುದಾ?

ನಿವೃತ್ತ ಎಎಸ್‌ಐ: ಅಮ್ಮಾ, ಉಳಿದವರ ಪ್ರಶ್ನೆ ಕಾಯಲಿ, ನಿಮ್ಮದು ಮೊದಲು. ತಾನಾಗೇ ಸಡಿಲ ಆದರೆ ಪೇಂಟ್ ಹೀಗೆ ಏಳೋದು ಕಡಿಮೆ. ಪೇಂಟ್ ಎದ್ದು ಒಳಗಿನ ಮರ ಬೆಳ್ಳಗೆ ಕಾಣುತ್ತಿದೆಯಾ? ಸ್ಕ್ರೂ ತಲೆಯ ಗೀರಿನೊಳಗೆ ಹೊಳಪಿದೆಯಾ? ಹಾಗಿದ್ದರೆ ಯಾರೋ ಈಚೆಗೆ ಸ್ಕ್ರೂಡ್ರೈವರ್ ಹಾಕಿದ್ದಾರೆ. ಕೆಲವರು ಮುಂಚೆಯೇ ಒಂದು ದಿನ ಬಂದು ಮುಕ್ಕಾಲು ಕೆಲಸ ಮುಗಿಸಿ ಹೋಗುತ್ತಾರೆ. ಮನೆ ಖಾಲಿಯಾದ ರಾತ್ರಿ ಉಳಿದ ಒಂದು ಸ್ಕ್ರೂ ಬಿಚ್ಚೋದು, ಒಳಗೆ ಇಳಿಯೋದು, ಅಷ್ಟೇ. ನೀವು ಹೊರಡುವುದು ಯಾರಿಗೋ ಗೊತ್ತಿದೆ ಎಂದೇ ಇಟ್ಟುಕೊಳ್ಳಿ.

ಸ್ಕ್ರೂ ಈಗ ಬಿಗಿ ಮಾಡಬೇಡಿ. ಕಿಟಕಿ ಒರೆಸಬೇಡಿ, ಬೆರಳಚ್ಚು ಇದ್ದರೆ ಹೋಗುತ್ತದೆ. ದೂರದಿಂದ ಒಂದು, ಹತ್ತಿರದಿಂದ ಎರಡು ಫೋಟೋ ತೆಗೆಯಿರಿ. ಇವತ್ತೇ ಸ್ಟೇಷನ್ನಿಗೆ ಹೋಗಿ ಬರೆದು ಕೊಡಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ನಿಮ್ಮ ಏರಿಯಾಕ್ಕೆ ಗಸ್ತು ಬರುವ ಬೀಟ್ ಪೊಲೀಸರು ಬಂದು ನೋಡಲಿ. ಆಮೇಲೆ ಗ್ರಿಲ್ ಕೆಲಸದವರನ್ನು ಕರೆಸಿ ಸ್ಕ್ರೂ ತಲೆಗೆ ವೆಲ್ಡಿಂಗ್ ಹೊಡೆಸಿ. ಹದಿನೈದು ದಿನದಲ್ಲಿ ಹಿತ್ತಲಿಗೆ ಯಾರ್ಯಾರು ಬಂದಿದ್ದರು, ನೆನಪಿದ್ದಷ್ಟು ಬರೆದಿಡಿ. ಅದು ಸ್ಟೇಷನ್ನಿಗೆ, ಇಲ್ಲಿಗಲ್ಲ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಹೊರಡುವ ದಿನವನ್ನು ಗುಂಪಿನಲ್ಲಿ ಯಾಕೆ ಹಾಕಿದಿರಿ? ಇನ್ನು ಶುಕ್ರವಾರ ಹೊರಡಬೇಡಿ.

ಕೆಟಿಜೆ ನಗರ: ಫಾರ್ವರ್ಡ್ ಬಂದಿದೆ ಸರ್. ರಾತ್ರಿ ಮಗು ಅಳುವ ಶಬ್ದ ಕೇಳಿದರೆ ಬಾಗಿಲು ತೆರೀಬೇಡಿ, ಹೊಸ ಗ್ಯಾಂಗ್ ಅಂತೆ. ಬೀಗಕ್ಕೆ ಖಾರದಪುಡಿ ಹಚ್ಚಬೇಕಂತೆ. ಗೇಟಿಗೆ ಸಣ್ಣಗೆ ಕರೆಂಟ್ ಕೊಟ್ಟರೆ ಯಾರೂ ಮುಟ್ಟಲ್ಲವಂತೆ.

ನಿವೃತ್ತ ಎಎಸ್‌ಐ: ಗೇಟಿಗೆ ಕರೆಂಟ್ ಕೊಟ್ಟರೆ ಬೆಳಿಗ್ಗೆ ಸಾಯೋದು ಹಾಲು ಹಾಕೋ ಹುಡುಗ. ಜೈಲಿಗೆ ಹೋಗೋದು ನೀವು. ಸಣ್ಣ ಕರೆಂಟ್ ಅಂತ ಒಂದಿಲ್ಲ. ಈ ಮೆಸೇಜ್ ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೆಲ್ಲ ತಪ್ಪು ಅಂತ ಹೇಳಿ. ಮಗು ಅಳುವ ಕಥೆ ವರ್ಷಗಳಿಂದ ಊರೂರು ಸುತ್ತುತ್ತಿದೆ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ. ಖಾರದಪುಡಿ ಕಳ್ಳರ ಕೈಯಲ್ಲೇ ಇರುತ್ತದೆ. 2024ರ ದೀಪಾವಳಿ ಹತ್ತಿರ ನಮ್ಮ ನ್ಯಾಮತಿಯ ಬ್ಯಾಂಕಿನಲ್ಲಿ 17 ಕೆ.ಜಿ.ಗೂ ಹೆಚ್ಚು ಚಿನ್ನ ಹೋಯಿತಲ್ಲ, ಕಿಟಕಿಯ ಗ್ರಿಲ್ ತೆಗೆದು ಒಳಗೆ ಬಂದವರು ಹೋಗುವಾಗ ಖಾರದಪುಡಿ ಚೆಲ್ಲಿ ಹೋಗಿದ್ದರು. ಸಿಸಿಟಿವಿಯ ಡಿವಿಆರ್, ಅಂದರೆ ರೆಕಾರ್ಡಿಂಗ್ ಇರುವ ಪೆಟ್ಟಿಗೆ, ಅದನ್ನೂ ಹೊತ್ತೊಯ್ದಿದ್ದರು.

ಪಿ.ಜೆ. ಬಡಾವಣೆ: ಬ್ಯಾಂಕೇ ಹೀಗಾದರೆ ಲಾಕರ್ ಯಾಕೆ ಸರ್?

ನಿವೃತ್ತ ಎಎಸ್‌ಐ: ಆ ಚಿನ್ನ 2025ರಲ್ಲಿ ತಮಿಳುನಾಡಿನ ಬಾವಿಯಿಂದ ತೆಗೆದು ತಂದರು. ನಿಮ್ಮ ಬೀರುವಿನ ಬಳೆಗೆ ಅಷ್ಟು ತಂಡ ಓಡಾಡುವುದಿಲ್ಲ. ಲಾಕರ್ ಕಳುವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ, ಅದೂ ಗೊತ್ತಿರಲಿ. ಆದರೂ ಮನೆಗಿಂತ ಲಾಕರ್ ವಾಸಿ. ಒಡವೆಯ ಫೋಟೋ, ತೂಕ, ಬಿಲ್ ಇಟ್ಟುಕೊಳ್ಳಿ. ಮಾಲು ಸಿಕ್ಕ ಮೇಲೆ ಕೋರ್ಟಿನಿಂದ ಬಿಡಿಸಿಕೊಳ್ಳುವಾಗ ಇದು ನನ್ನದು ಅಂತ ತೋರಿಸಬೇಕಲ್ಲ.

ಎಂಸಿಸಿ ಬಿ ಬ್ಲಾಕ್, ಮೂಲೆ ಮನೆ: ನಾವು ಈಗಾಗಲೇ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ.

ಎಂಸಿಸಿ ಬಿ ಬ್ಲಾಕ್, ಮಾಳಿಗೆ ಮನೆ: ಅದರಲ್ಲಿ ಒಂದು ನಮ್ಮ ಬಚ್ಚಲ ಕಿಟಕಿ ಕಡೆ ತಿರುಗಿದೆ. ಮೂರು ಸಲ ಹೇಳಿದ್ದೀನಿ.

ಎಂಸಿಸಿ ಬಿ ಬ್ಲಾಕ್, ಮೂಲೆ ಮನೆ: ಅದು ರಸ್ತೆ ಕಡೆ ಇದೆ ಅಕ್ಕ. ಕಳೆದ ವರ್ಷ ನಿಮ್ಮ ಸ್ಕೂಟರ್ ಹೋದಾಗ ಅದೇ ಕ್ಯಾಮೆರಾದ ರೆಕಾರ್ಡಿಂಗ್ ಕೇಳಿಕೊಂಡು ಬಂದಿದ್ರಿ.

ಎಂಸಿಸಿ ಬಿ ಬ್ಲಾಕ್, ಮಾಳಿಗೆ ಮನೆ: ಬಂದಿದ್ದೆ. ಪಾಸ್‌ವರ್ಡ್ ಮರೆತಿದೆ ಅಂದಿರಿ. ಮನೇಲಿ ಹೆಣ್ಣುಮಕ್ಕಳಿದ್ದಾರೆ ಅಣ್ಣಾ, ಸ್ವಲ್ಪ ಅರ್ಥ ಮಾಡ್ಕೊಳ್ಳಿ.

ಶಾಮನೂರು ರಸ್ತೆ: ಬೆಡ್‌ಶೀಟ್ ಮಾರುವವರು ಬರ್ತಾರಲ್ಲ, ಅವರದೇ ಕೆಲಸ ಇದೆಲ್ಲ.

ಸರಸ್ವತಿ ನಗರ: ನೋಡಿದ್ದೀರಾ? ಸುಮ್ನೆ ಹೊಟ್ಟೆಪಾಡಿಗೆ ಬರುವವರ ಮೇಲೆ ಹಾಕ್ತೀರಲ್ಲ.

ನಿವೃತ್ತ ಎಎಸ್‌ಐ: ಕ್ಯಾಮೆರಾ ಇವತ್ತೇ ರಸ್ತೆ ಕಡೆ ತಿರುಗಿಸಿ. ಅಕ್ಕ ಹೇಳೋದು ಸರಿ. ನಿಮ್ಮ ಮೀಟರ್ ಬೋರ್ಡ್ ಹೊರಗಿದೆಯಾ? ಮೇನ್ ಸ್ವಿಚ್ ಇಳಿಸಿದರೆ ನಾಲ್ಕೂ ಸತ್ತ ಹಾಗೆ. ಯುಪಿಎಸ್‌ಗೆ ಕೊಡಿ. ಡಿವಿಆರ್ ಟಿವಿ ಪಕ್ಕ ಇಡಬೇಡಿ. ಬೆಡ್‌ಶೀಟ್ ಮಾರುವವರ ಮಾತು ಇಲ್ಲಿಗೆ ನಿಲ್ಲಿಸಿ.

ನಿಟುವಳ್ಳಿ, ಬೇರೆಯವರು: ಸರ್, ಬೀಗ ಯಾವುದು ತಗೊಳ್ಳಲಿ?

ನಿವೃತ್ತ ಎಎಸ್‌ಐ: ಮೇಲೆ ಓದಿ.

ಕೆಟಿಜೆ ನಗರ: ನಾಯಿ ಸಾಕಿದರೆ ಸಾಕಾಗುತ್ತಾ?

ಸರಸ್ವತಿ ನಗರ: ಬೀಗದ ಪ್ರಶ್ನೆ ನಂದೂ ಇತ್ತು.

ನಿವೃತ್ತ ಎಎಸ್‌ಐ: ಹೇಳಿದ್ದೇ ಹೇಳಿಸಬೇಡಿ. ವಿದ್ಯಾನಗರದ ಟೀಚರ್ ಎಲ್ಲಿ? ಬೆಳಿಗ್ಗೆಯಿಂದ ಉತ್ತರ ಇಲ್ಲ. ಸ್ಟೇಷನ್ನಿಗೆ ಹೋದಿರಾ ಇಲ್ಲವಾ?

ವಿದ್ಯಾನಗರ, ಟೀಚರ್: ಹೋಗಿದ್ದೆ ಸರ್. ಬೀಟ್‌ನವರು ಬಂದು ಫೋಟೋ ತಗೊಂಡು ಹೋದರು. ಗೀರಿನೊಳಗೆ ಹೊಳಪಿತ್ತು. ಪ್ರಯಾಣ ಮುಂದಕ್ಕೆ ಹಾಕಿದ್ದೇವೆ. ಈಗ ಗಿಡಕ್ಕೆ ನೀರು ಹಾಕುವಾಗ ಕರಿಬೇವಿನ ಬುಡದಲ್ಲಿ ಆ ಸ್ಕ್ರೂ ಕಾಣಿಸಿತು. ಪಕ್ಕದಲ್ಲಿ ಒಂದು ಗುಟ್ಕಾ ಚೀಟಿ. ನಮ್ಮ ಮನೇಲಿ ಯಾರೂ ತಿನ್ನಲ್ಲ.

ನಿವೃತ್ತ ಎಎಸ್‌ಐ: ಎರಡನ್ನೂ ಮುಟ್ಟಬೇಡಿ. ಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಬೀಟ್‌ನವರಿಗೆ ಈಗಲೇ ಫೋನ್ ಮಾಡಿ. ಗಿಡಕ್ಕೆ ನೀರು ನಾಳೆ ಹಾಕಿ.